ಇಲ್ಲದ ಬಾಗಿಲಿಗೆ ತಲೆ ಬಗ್ಗಿಸಿ

ನಮ್ಮ ದೊಡ್ಡತ್ತೆಯ ದೆಸೆಯಿಂದ, ಇಲ್ಲದ ಬಾಗಿಲಿಗೆ ಹಣೆ ಚಚ್ಚಿಕೊಂಡವರು ಸೇಲಂ ನಗರದಲ್ಲಿ ಅನೇಕರಿದ್ದಾರೆ! ನಗಬೇಡಿ, ಅವರಲ್ಲಿ ಪ್ರಾಧ್ಯಾಪಕರೂ ಉಂಟು.

ನನ್ನ ಅಪ್ಪನ ಅಕ್ಕನಾದ ಈಕೆ ಪ್ರತಿ ಭಾನುವಾರ ಬೆಳಗ್ಗೆ ನಮ್ಮ ಕನ್ನಡ ನೇಕಾರರ ಹಳೆಯ ಬೀದಿಯಲ್ಲಿ ಪಾರಂಪರಿಕ ಮನೆಗಳನ್ನೂ ಹಿತ್ತಿಲ ತೋಟಗಳನ್ನೂ ತೋರಿಸುತ್ತಾಳೆ. ಆಸಕ್ತರು ಧರ್ಮಪುರಿಯಿಂದಲೂ ಬಸ್ಸು ಹತ್ತಿ ಬರುತ್ತಾರೆ. ಇದರಲ್ಲಿ ವಿಚಿತ್ರವೇನು ಎನ್ನುತ್ತೀರಾ? ಆ ಮನೆಗಳಲ್ಲಿ ಒಂದನ್ನುಳಿದು ಮಿಕ್ಕವೆಲ್ಲ ಎಂದೋ ನೆಲಸಮವಾಗಿದ್ದವು. ಅತ್ತೆಗೆ ಅದೊಂದು ಅಡಚಣೆಯೇ ಅಲ್ಲ!

ಪ್ರವಾಸಿಗರು ಬೀದಿಯ ಅಂಚಿನಲ್ಲೇ, ಒಬ್ಬರ ಹಿಂದೊಬ್ಬರಾಗಿ ನಡೆಯಬೇಕು. ಏಕೆಂದರೆ ನಡುಬೀದಿಯಲ್ಲಿ ಹಾಸು ಹೂಡಿದೆ! ಮಗ್ಗಕ್ಕೇರುವ ಮುನ್ನ ಬೀದಿಯುದ್ದಕ್ಕೂ ಎಳೆದು ಗಂಜಿ ಹಚ್ಚುವ ನೂಲದು. ಮದುವೆಯ ದಿಬ್ಬಣವೂ ಅದನ್ನು ದಾಟದೆ ಸುತ್ತಿಕೊಂಡು ಹೋಗುತ್ತಿತ್ತಂತೆ. ಈಗ ಅಲ್ಲಿರುವುದು ಬರೀ ಡಾಂಬರು. ಒಮ್ಮೆ ಸ್ಕೂಟರಿನವನೊಬ್ಬ ನೇರ ನುಗ್ಗಿದಾಗ ಅತ್ತೆ ಕೊಡೆ ಅಡ್ಡ ಹಿಡಿದಳು.

"ಲೇ, ಕಣ್ ಕಾಣಾಕಿಲ್ವಾ? ಆಸು ಐತೆ, ಸುತ್ಕಂಡ್ ಓಗು!"

"ಒಣ್ಣುಮೇ ಇಲ್ಲೈಯೇ, ಪಾಟಿ!" ಏನೂ ಇಲ್ಲವಲ್ಲ ಅಜ್ಜಿ ಎಂದು ಆತ ಖಾಲಿ ರಸ್ತೆಯನ್ನು ಮಿಕಮಿಕ ನೋಡಿದ.

"ನಿಂಗ್ ಕಾಣಾಕಿಲ್ಲ ಅಂತ ನೂಲು ಕಿತ್ತೋಗಾಕಿಲ್ವೇನ್ಲಾ?"

ಆತ ಸುತ್ತಿಕೊಂಡೇ ಹೋದ!

ಹಳೆಯ ಮನೆಯ ಜಾಗದಲ್ಲೆದ್ದ ಮೊಬೈಲ್ ಅಂಗಡಿಯೊಂದರ ಮುಂದೆ ಆಕೆ ಚಪ್ಪಲಿ ಬಿಟ್ಟು, ಸೊಂಟ ಮಣಿಸಿ ಒಳನಡೆಯುತ್ತಾಳೆ. "ವಾಂಗ, ವಾಂಗ! ತಲೆ ಬಗ್ಗಿಸ್ಕಳಿ. ಇಗೋ ನಡುಮನೆ. ಜ್ವಾಪಾನ, ಮಗ್ಗದ ಗುಂಡಿ!" ಅಂಗಡಿಯವನೂ ಈಗ ಆ ಇಲ್ಲದ ಗುಂಡಿಯನ್ನು ಸುತ್ತಿಕೊಂಡೇ ಓಡಾಡುತ್ತಾನೆ. ಬಗ್ಗದೆ ಬಂದ ನೀಳಕಾಯದ ಪ್ರಾಧ್ಯಾಪಕರೊಬ್ಬರನ್ನು ಆಕೆ ಕನಿಕರದಿಂದ ಕೇಳಿದಳು: "ಬಾಗ್ಲು ಬಡ್ಕಂತಾ ಸಾರ್? ನೋಯ್ತಾ?" ಅವರು ಹಣೆ ಉಜ್ಜಿಕೊಂಡರು!

ಹಿತ್ತಿಲಿನ ಮಾತು ಬಂದರೆ ಆಕೆಯ ದನಿ ತೆಳುವಾಗುತ್ತದೆ. ಬಣ್ಣ ಹಾಕಿದ ನೂಲಿನ ಲಡಿಗಳು ಗಿಡಗಳ ಮೇಲೆ ಒಣಗುತ್ತಿದ್ದವಂತೆ. ಹನಿ ತೊಟ್ಟಿಕ್ಕಿ ಬಿಳಿಯ ನಂದಿಬಟ್ಟಲು ನೀಲಿಯಾಗುತ್ತಿತ್ತಂತೆ. ಚಾರ್ಜರುಗಳ ನಡುವೆ ನಿಂತ ನಮ್ಮೆದುರು ಆ ನೀಲಿ ತೋಟ ಮೆಲ್ಲನೆ ಅರಳುತ್ತದೆ, ಒದ್ದೆ ನೂಲಿನ ವಾಸನೆ ತೇಲಿಬರುತ್ತದೆ. ಮುಂದಿನ ಭಾನುವಾರ ಅದೇ ಹೂವು ಕೆಂಪು!

ಇತಿಹಾಸದಲ್ಲಿ ಸ್ನಾತಕೋತ್ತರ ಪದವಿ ಪಡೆದ ನಾನು ಸುಮ್ಮನಿರಲಾದೀತೆ? "ಇದಕ್ಕೆಲ್ಲ ಸಾಕ್ಷಿ ಎಲ್ಲೈತೆ ಅತ್ತೆ?" ಎಂದು ಗುಡುಗಿದೆ.

"ಏನಮ್ಮಿ, ಬೀಳಿಸ್ದೋರ್ನ ಕೇಳಾಕಿಲ್ಲ, ನೆನೆಸ್ಕಳ್ಳೋಳ್ನ ಕೇಳ್ತೀಯಾ?"

ಅಂದಿನಿಂದ ನನ್ನ ಗುಡುಗು ನಗರಪಾಲಿಕೆಯ ಕಚೇರಿಯತ್ತ ತಿರುಗಿತು. ಮನೆಗಳನ್ನು ಕೆಡವಲು ಅನುಮತಿ ಕೊಟ್ಟು, ಬಳಿಕ ಬೀದಿಯ ತುದಿಯಲ್ಲಿ 'ಪಾರಂಪರಿಕ ಬೀದಿ' ಎಂದು ಫಲಕ ನೆಟ್ಟ ಮಹಾಶಯರು ಯಾರು? ಉತ್ತರ ಬರಲಿಲ್ಲ. ಬಂದದ್ದು, ಉಳಿದ ಒಂದೇ ಮನೆಯನ್ನೂ ವಾಹನ ನಿಲುಗಡೆಗಾಗಿ ತೆಗೆಯುವ ಸುದ್ದಿ. ಅದು ಅತ್ತೆ ಹುಟ್ಟಿ, ನೇಯ್ದು, ಆಗಲೂ ವಾಸವಿದ್ದ ಮನೆ.

ಪರಿಶೀಲನೆಗೆ ಅಧಿಕಾರಿಯೊಬ್ಬರು ಬಂದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಅವರನ್ನು ಪ್ರವಾಸಕ್ಕೆ ಹೊರಡಿಸಿದಳು. ಅವರು ಹಾಸನ್ನು ಸುತ್ತಿದರು, ಮೊಬೈಲ್ ಅಂಗಡಿಯಲ್ಲಿ ಬಗ್ಗಿದರು, ಎಟಿಎಂನಲ್ಲೂ ಬಗ್ಗಿದರು. ಕೊನೆಗೆ ಅತ್ತೆಯ ಮನೆಯೆದುರು, "ಪೋದುಮ್ಮಾ, ಬಗ್ಗಿದ್ದು ಸಾಕು!" ಎಂದು ಹಿಂದಕ್ಕೆ ಮುಖ ತಿರುಗಿಸಿ ನಗುತ್ತಲೇ ಮುಂದಡಿಯಿಟ್ಟರು. ಅಯ್ಯೋ, ಆ ಬಾಗಿಲು ನಿಜವಾದದ್ದು!

ಅತ್ತೆ ಅವರ ಹಣೆಗೆ ಅರಿಸಿನ ಮೆತ್ತಿ, ಕಾಫಿ ಕೊಟ್ಟು ಹಿತ್ತಿಲಲ್ಲಿ ಕೂರಿಸಿದಳು. ಅವರು ನಂದಿಬಟ್ಟಲನ್ನು ಬಹಳ ಹೊತ್ತು ನೋಡಿದರು. ಅದು ಬೆಳ್ಳಗೇ ಇತ್ತು. "ನಲ್ಲ ವೀಡು," ಎಂದರು. ಒಳ್ಳೆಯ ಮನೆಯೆಂದು ಅಧಿಕಾರಿಯೇ ಒಪ್ಪಿದ ಮೇಲೆ ನಾನು ಆಸೆಪಟ್ಟದ್ದು ತಪ್ಪೇ?

ಮನೆ ಉಳಿಯಲಿಲ್ಲ. ಅತ್ತೆ ತನ್ನ ಕೊಡೆಯೊಡನೆ ನಮ್ಮಲ್ಲಿಗೆ ಬಂದಳು. ಯಾರು ಸಹಿ ಹಾಕಿದರೆಂಬ ನನ್ನ ಪ್ರಶ್ನೆ ಇಂದಿಗೂ ಮೇಜಿನಿಂದ ಮೇಜಿಗೆ ಪ್ರವಾಸ ಮಾಡುತ್ತಿದೆ. ಅದು ಹಣೆ ಚಚ್ಚಿಕೊಳ್ಳುವ ಬಾಗಿಲುಗಳೆಲ್ಲ ಗಟ್ಟಿಯಾದವೇ!

ಮರುಭಾನುವಾರ ಜನರನ್ನು ಕರೆದುಕೊಂಡು ಎಂದಿನಂತೆ ಹೊರಟ ಅತ್ತೆ, ತನ್ನ ಮನೆಯಿದ್ದ ಬಯಲಿನ ಮುಂದೆ ನಿಂತುಬಿಟ್ಟಳು. ಚಪ್ಪಲಿ ಬಿಡಲಿಲ್ಲ. ಎಲ್ಲರೂ ಕಾದರು.

ನಾನು ಚಪ್ಪಲಿ ಕಳಚಿ ಆಕೆಯನ್ನು ದಾಟಿ ನಡೆದೆ. ಬಾಗಿಲಿದ್ದಲ್ಲಿ ಬಗ್ಗಲಿಲ್ಲ. ಗಕ್ಕನೆ ನಿಂತು ಹಣೆ ಒತ್ತಿ ಹಿಡಿದೆ.

ಬೆನ್ನ ಹಿಂದೆ ಚಪ್ಪಲಿ ಬಿಡುವ ಸದ್ದಾಯಿತು.

"ಬಾಗ್ಲು ಬಡ್ಕಂತಾ, ಅಮ್ಮಿ? ನೋಯ್ತಾ?"

"ನೋಯ್ತು, ಅತ್ತೆ."