ನಮ್ಮ ಮಹಡಿಯ ಸ್ವೀಡಿಷ್ ಮೋಡ

ನಗು ಬರಿಸುವ ಪ್ರಸಂಗಗಳು ನನಗೆ ಎದುರಾಗುವುದೆಲ್ಲ ನಾನು ನಗುವ ಸ್ಥಿತಿಯಲ್ಲಿ ಇಲ್ಲದಾಗಲೇ. ಇವೂ ಅಂಥವೇ. ನನ್ನವರು ತೀರಿಕೊಂಡು ಎರಡು ವರ್ಷವಾಗಿತ್ತು. ಬ್ರೆಕ್ಸಿಟ್ ವೋಟಿಗೆ ಮುಂಚಿನ ಚಳಿಗಾಲ.

ಮೋಡ ಬಂತು

ಬರ್ಮಿಂಗ್‌ಹ್ಯಾಮ್‌ನ ಸೆಲ್ಲಿ ಓಕ್ ಬಡಾವಣೆಯ ಮನೆಯಲ್ಲಿ ಒಬ್ಬಳೇ ಇರಲಾರದೆ ಮೇಲಿನ ರೂಮನ್ನು ಬಾಡಿಗೆಗೆ ಬಿಟ್ಟೆ. ಬಂದವನು ಸ್ವೀಡನ್‌ನವನು. ಮೂವತ್ತರ ಹತ್ತಿರ ವಯಸ್ಸು, ಕುತ್ತಿಗೆ ತುಂಬ ಹಚ್ಚೆ, ಮುಖದಲ್ಲಿ ಸೂತಕದ ಕಳೆ. ಏನು ಕೆಲಸ ಎಂದು ಕೇಳಿದೆ.

"ಕ್ಲೌಡ್ ರ್ಯಾಪ್. ಅದರಲ್ಲೂ ಪ್ರಯೋಗಾತ್ಮಕ," ಎಂದ.

ಹಾಗೆಂದರೆ ತೆವಳುವ ತಾಳ, ಕಂಪ್ಯೂಟರಿನಲ್ಲಿ ಹಾಯಿಸಿ ನಡುಗಿಸಿದ ದನಿ, ಜ್ವರದಲ್ಲಿ ಕನವರಿಸಿದಂಥ ಮಾತು. ಬೇಸಿಗೆಯೊಳಗೆ ಹೆಸರು ಬರದಿದ್ದರೆ ಊರಿಗೆ ವಾಪಸಾಗಿ ಅಪ್ಪನ ಟೈರ್ ಅಂಗಡಿಯಲ್ಲಿ ಕೂರಬೇಕು ಎಂದು ಮನೆಯಲ್ಲಿ ಗಡುವು ಕೊಟ್ಟಿದ್ದರಂತೆ.

"ಇದಕ್ಕೆಲ್ಲ ಲಂಡನ್ನಿಗೆ ಹೋಗಬೇಕಿತ್ತಲ್ಲಪ್ಪ?"

"ಇಲ್ಲಿನ ಮೋಡ ಚೆನ್ನಾಗಿದೆ, ಡಾಕ್ಟರ್. ತಿಂಗಳುಗಟ್ಟಲೆ ಕದಲುವುದಿಲ್ಲ."

ಬರ್ಮಿಂಗ್‌ಹ್ಯಾಮ್‌ನ ಹವೆಯನ್ನು ಒಬ್ಬರು ಹೊಗಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಸನ್ಮಾನ

ಲೆಸ್ಟರ್‌ನಲ್ಲಿ ಕನ್ನಡದವರ ಯುಗಾದಿ ಕಾರ್ಯಕ್ರಮವಿತ್ತು. ಅದರ ಕಾರ್ಯದರ್ಶಿ ಧಾರವಾಡ ಕಡೆಯ ಜಿಪಿ, ಅಂದರೆ ಇಲ್ಲಿನ ಫ್ಯಾಮಿಲಿ ಡಾಕ್ಟರು. "ಅಕ್ಕಾರ, ನಿಮ್ಮನ್ಯಾಗ ಯಾರೋ ಗಾಯಕ ಅದಾನಂತಲ್ಲ, ಕರ್ಕೊಂಡ ಬರ್ರಿ," ಎಂದು ಫೋನು ಮಾಡಿದರು. ಪಾಪ, ಇವನೂ ಕೋಟು ಹಾಕಿಕೊಂಡು ಬಂದ.

ಹಾಡು ಶುರುವಾಯಿತು. ನಡುಗುವ ದನಿ ಕೇಳಿದ್ದೇ ಕಾರ್ಯದರ್ಶಿ ಓಡಿ ಬಂದು ಮೈಕು ಬದಲಾಯಿಸಿದರು. ದನಿ ನಡುಗುತ್ತಲೇ ಇತ್ತು. ಇನ್ನೊಂದು ಮೈಕು ತಂದರು. ಕೊನೆಗೆ ಲ್ಯಾಪ್‌ಟಾಪಿನ ವೈರನ್ನೇ ಕಿತ್ತು, "ಹಾಂ, ಈಗ ಸರಿ ಆತು ನೋಡ್ರಿ," ಎಂದು ಸಭೆಗೆ ಹೇಳಿ, ಇವನ ಬೆನ್ನು ತಟ್ಟಿ, "ಸಾರಿ, ಸೌಂಡ್ ಪ್ರಾಬ್ಲಮ್. ನೌ ಸಿಂಗ್," ಎಂದರು. ಆಮೇಲೆ ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ ಎಲ್ಲ ಆಯಿತು.

ವಾಪಸು ಬರುವಾಗ ಕಾರಿನಲ್ಲಿ ಪೇಟ ತೆಗೆಯದೆ ಕೂತಿದ್ದ. "ಡಾಕ್ಟರ್, ನಮ್ಮಲ್ಲಿ ನಿವೃತ್ತರಾದವರಿಗೆ ಹೀಗೆ ಉಡುಗೊರೆ ಕೊಡುತ್ತಾರೆ. ಅವರು ನನಗೆ ಸಾಕು ನಿಲ್ಲಿಸು ಅಂದರಾ?"

"ಛೆ, ಹಾಗಲ್ಲ. ನಮ್ಮಲ್ಲಿ ಸಾಧನೆ ಮಾಡಿದವರಿಗೂ ಕೊಡುತ್ತೇವೆ, ಏನೂ ಮಾಡದವರಿಗೂ ಕೊಡುತ್ತೇವೆ."

ತಾನು ಯಾವ ಗುಂಪು ಎಂದು ಅವನು ಕೇಳಲಿಲ್ಲ.

ಏಕೈಕ ಅಭಿಮಾನಿ

ನನ್ನ ಕೆಲಸ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಮುಂಚೆ ಅರಿವಳಿಕೆ ಕೊಟ್ಟು ಜನರನ್ನು ಮಲಗಿಸುವುದು. ಇಪ್ಪತ್ತು ವರ್ಷದಿಂದ ಮಲಗಿಸುತ್ತಿದ್ದೇನೆ. ಆದರೆ ನನ್ನವರು ಹೋದ ಮೇಲೆ ನನಗೇ ನಿದ್ದೆ ಇರಲಿಲ್ಲ. ನೈಟ್ ಡ್ಯೂಟಿ ಮುಗಿಸಿ ಬೆಳಿಗ್ಗೆ ಬಂದು ಪರದೆ ಎಳೆದುಕೊಂಡು, ಮಂಚದ ಆ ಬದಿಯನ್ನು ನೋಡುತ್ತ ಬಿದ್ದಿರುತ್ತಿದ್ದೆ. ಇವನು ಏನು ಹಾಡುತ್ತಾನೋ ನೋಡೋಣವೆಂದು ಒಂದು ಬೆಳಿಗ್ಗೆ ಫೋನಿನಲ್ಲಿ ಹಚ್ಚಿದೆ. ಎರಡನೇ ಚರಣ ಬರುವುದರೊಳಗೆ ನಿದ್ದೆ ಹೋಗಿದ್ದೆ. ಅಂದಿನಿಂದ ಅದೇ ಹಾಡನ್ನು ರಿಪೀಟಿಗೆ ಹಾಕಿ ಮಲಗುವುದು ರೂಢಿಯಾಯಿತು. ಕಲಾವಿದನಿಗೆ ಇದನ್ನು ಯಾವ ಬಾಯಲ್ಲಿ ಹೇಳುವುದು?

ಗಡುವು ಹತ್ತಿರವಾಯಿತು. ಸೂಟ್‌ಕೇಸು ಕೆಳಗಿಳಿಯಿತು. ಮನೆ ಮತ್ತೆ ಖಾಲಿಯಾಗುತ್ತದಲ್ಲ ಎಂದುಕೊಳ್ಳುತ್ತ ಸಾರಿಗಿಟ್ಟೆ. ಆಗ ಅವನು ತನ್ನ ಹಾಡನ್ನು ಯಾವ ಊರಲ್ಲಿ ಎಷ್ಟು ಸಲ ಕೇಳಿದ್ದಾರೆಂಬ ಲೆಕ್ಕ ತೆರೆದಿದ್ದ ಲ್ಯಾಪ್‌ಟಾಪು ಹಿಡಿದು ಅಡುಗೆಮನೆಗೆ ಬಂದ.

"ಡಾಕ್ಟರ್, ಈ ಊರಲ್ಲಿ ಯಾರೋ ಒಬ್ಬರು ದಿನಾ ಬೆಳಿಗ್ಗೆ ನನ್ನ ಹಾಡು ಹಚ್ಚಿ, ಮಧ್ಯಾಹ್ನದವರೆಗೆ ಬಿಡದೆ ಕೇಳುತ್ತಾರೆ. ಒಂದೇ ಹಾಡು. ಪಾಪ, ಎಷ್ಟು ಅಳುತ್ತಾರೋ."

ನಾನು ಸಾರು ಕದಡುತ್ತಲೇ ಇದ್ದೆ.

"ಅವರಿಗೋಸ್ಕರ ಉಳಿಯುತ್ತೇನೆ. ಅಪ್ಪನಿಗೆ ಫೋನು ಮಾಡಿದೆ," ಎಂದ.

ಉಳಿದನಲ್ಲ ಎಂದು ಸಂತೋಷವಾಯಿತು. ಸತ್ಯ ಹೇಳುವ ಯೋಚನೆಯನ್ನು ಸಾರಿನ ಜೊತೆ ಮುಚ್ಚಿಟ್ಟೆ.

ಮ್ಯಾಂಚೆಸ್ಟರ್

ಶನಿವಾರ ಮಧ್ಯಾಹ್ನ ಒಂದು ರೆಕಾರ್ಡ್ ಅಂಗಡಿಯಲ್ಲಿ ಅವನ ಕಾರ್ಯಕ್ರಮ. ಹಿಂದಿನ ರಾತ್ರಿ ಡ್ಯೂಟಿ ಮಾಡಿದ್ದರೂ ಜೊತೆಗೆ ಹೋದೆ. ಹನ್ನೊಂದು ಜನ ಸೇರಿದ್ದರು. ನನ್ನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿದ.

"ಈ ಹಾಡು ಬರ್ಮಿಂಗ್‌ಹ್ಯಾಮ್‌ನ ಒಬ್ಬರಿಗೆ," ಎಂದ ಮೈಕಿನಲ್ಲಿ. "ಅವರು ಯಾರೋ ಗೊತ್ತಿಲ್ಲ. ಆದರೆ ನನ್ನ ಒಂದೊಂದು ಪದವನ್ನೂ ಕೇಳಿದವರು."

ಮೊದಲ ಚರಣ ನೆನಪಿದೆ. ಆಮೇಲೆ ಯಾರೋ ಭುಜ ಅಲುಗಿಸಿದರು. ಹಾಡು ನಿಂತಿತ್ತು. ನನ್ನ ಗೊರಕೆಗೆ ಹತ್ತು ಜನ ತಿರುಗಿ ನೋಡುತ್ತಿದ್ದರು.

ವಾಪಸು ಬರುವಾಗ ರೈಲು ಸ್ಟಾಕ್‌ಪೋರ್ಟ್ ದಾಟಿದ ಮೇಲೆ ನನ್ನ ಕಡೆ ತಿರುಗಿದ. "ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅಂದರೆ ನೀವು ಮಲಗುವ ಹೊತ್ತು. ಅದು ನೀವೇನಾ?" ಎಂದ.

"ನಾನೇ ಕಣಪ್ಪ."

"ಎರಡನೇ ಚರಣ?"

"ಒಮ್ಮೆಯೂ ಕೇಳಿಲ್ಲ."

"ಡಾಕ್ಟರ್, ಅದು ನಿದ್ದೆ ಬಾರದವನ ಹಾಡು."

ಕಿಟಕಿಯ ಕಡೆ ತಿರುಗಿ ಕೂತ. ಟೈರ್ ಅಂಗಡಿ ನನ್ನ ಕಣ್ಣಮುಂದೆಯೇ ಬಂತು. ನಾನೆಂದೆ: "ನೋಡು, ನನ್ನ ಕೈಯಲ್ಲಿ ಮಲಗಿ ಎದ್ದವರೆಲ್ಲ ಸರ್ಜನ್‌ಗೆ ಥ್ಯಾಂಕ್ಸ್ ಹೇಳುತ್ತಾರೆ. ನನ್ನ ಹೆಸರು ಒಬ್ಬರಿಗೂ ನೆನಪಿರುವುದಿಲ್ಲ. ಆದರೂ ಅದು ಕೆಲಸವೇ. ಎರಡು ವರ್ಷ ನನ್ನನ್ನು ಮಲಗಿಸಲು ನನ್ನಿಂದಲೇ ಆಗಲಿಲ್ಲ. ನಿನ್ನಿಂದ ಆಯಿತು."

ಅವನು ಈ ಕಡೆ ತಿರುಗಿ ಕೂತ. ಆಮೇಲೆ ನನ್ನ ಡಬ್ಬಿಯಲ್ಲಿದ್ದ ಚಪಾತಿ ತಿಂದ. ಇನ್ನೂ ಕೆಳಗೇ ಇದ್ದ ಸೂಟ್‌ಕೇಸು ಅಂದು ರಾತ್ರಿ ವಾಪಸು ಮೇಲೇರಿತು.

ಈಗ ಹೊಸ ಹಾಡು ಮಾಡಿದ್ದಾನೆ. ನಲವತ್ತು ನಿಮಿಷದ್ದು, ನನಗೇ ಅರ್ಪಣೆ. ಕೊನೆಯಲ್ಲಿ ನನ್ನ ಹೆಸರು ಬರುತ್ತದಂತೆ. ನಾನು ಇನ್ನೂ ಅಲ್ಲಿಯವರೆಗೆ ಎಚ್ಚರ ಇದ್ದಿಲ್ಲ.