ಒಂದೇ ಗುಂಡಿಯ ನಕ್ಷೆ

ಡೀಟ್ಮಾರ್‌ನ ಫೋನಿನ ನಕ್ಷೆಯಲ್ಲಿ ಇಲ್ಲದ ಸೌಕರ್ಯವೇ ಇರಲಿಲ್ಲ, ದಾರಿ ತೋರಿಸುವುದೊಂದನ್ನು ಬಿಟ್ಟು.

ನೆಟ್‌ವರ್ಕ್ ಇಲ್ಲದ ಕಾಡಿನಲ್ಲೂ ನಡೆಯುವ ಆ ಪುಕ್ಕಟೆ ಆ್ಯಪನ್ನು ಅವನು ವರ್ಷಗಟ್ಟಲೆ ಕೂತು ತನಗೆ ಬೇಕಾದಂತೆ ತಿದ್ದಿದ್ದ. ಎಲ್ಲಿ ಬೆಂಚಿದೆ, ಬೆಂಚಿಗೆ ಬೆನ್ನೊರಗುವ ಹಲಗೆ ಇದೆಯೇ ಎಂಬುದನ್ನೂ ಅದು ಹೇಳುತ್ತಿತ್ತು. ಜರ್ಮನಿಯ ಕಾರ್ಲ್ಸ್‌ರೂಹೆ ಊರಿನ ನಕ್ಷೆ ಬರೆಯುವ ಹವ್ಯಾಸಿಗಳ ಬಳಗ ಆ ಭಾನುವಾರ ಕಾಡಿನಾಚೆಯ ಹೋಟೆಲಿಗೆ ನಡೆದು ಹೊರಟಿತ್ತು. ಅಲ್ಲಿ ಬಿಸಿ ಅಡುಗೆ ಎರಡು ಗಂಟೆಯವರೆಗೆ ಮಾತ್ರ. ಆಮೇಲೆ ದೇವರೇ ಬಂದರೂ ತಣ್ಣನೆ ಬ್ರೆಡ್ಡು. ಎಲ್ಲರನ್ನೂ ಹೊತ್ತಿಗೆ ಸರಿಯಾಗಿ ಅಲ್ಲಿಗೆ ಮುಟ್ಟಿಸಿದರೆ ಬಳಗದ ಅಧ್ಯಕ್ಷಗಿರಿ ಡೀಟ್ಮಾರ್‌ಗೆ ಎಂದು ಮಾತಾಗಿತ್ತು. ಅದಕ್ಕಾಗಿ ಅವನು ಎಷ್ಟೋ ಕಾಲದಿಂದ ಜೊಲ್ಲು ಸುರಿಸುತ್ತಿದ್ದ.

"ಏನಯ್ಯಾ, ಇದೇ ಬೇಲೀನ ಎಷ್ಟು ಸಲ ತೋರಿಸ್ತೀಯ?" ಎಂದರು ನಿವೃತ್ತ ಮೇಷ್ಟ್ರು ಯೋರ್ಗ್.

"ಕಾಲುಸೇತುವೆ ಬೇಡ ಅಂತ ಸೆಟ್ಟಿಂಗ್ ಇಟ್ಟಿದೀನಿ. ನಂಗೆ ತಲೆ ಸುತ್ತುತ್ತೆ. ಅದಕ್ಕೇ ಹಳ್ಳ ಬಳಸ್ಕೊಂಡು ಹೋಗ್ತಿದೆ."

"ತೆಗಿ ಅದನ್ನ!"

"ಎಲ್ಲಿಟ್ಟಿದ್ದೆ ಅಂತಾನೇ ಹುಡುಕ್ತಿದೀನಿ."

ಯೋರ್ಗ್ ಫೋನು ಕಿತ್ತುಕೊಂಡು ಏನೋ ಒತ್ತಿದರು. ಕಾಡೆಲ್ಲ ಗುಲಾಬಿ ಬಣ್ಣವಾಯಿತು. ಇನ್ನೊಂದು ಒತ್ತಿದರು. ಫೋನು ಡಚ್ ಭಾಷೆಯಲ್ಲಿ ಗದರತೊಡಗಿತು.

ಹಲ್ಲಿನ ಡಾಕ್ಟರ್ ಹೈಕೆ ತನ್ನ ಫೋನು ತೆಗೆದಳು. "ನಕ್ಷೆ ಇಬ್ಬರದೂ ಒಂದೇ, ನಮ್ಮ ಬಳಗದವ್ರೇ ಬರ್ದಿದ್ದು. ಆದ್ರೆ ನನ್ನ ಆ್ಯಪಲ್ಲಿ ಒಂದೇ ಗುಂಡಿ. ಹೋಟೆಲ್ ಅಂದೆ, ದಾರಿ ಬಂತು. ನಡೀರಿ."

ಹಸಿದ ಬಳಗ ಅವಳ ಹಿಂದೆ ಇಳಿಜಾರಿನಲ್ಲಿ ಜಾರಿಕೊಂಡೇ ಹೋಯಿತು. ಹಳ್ಳದ ಮೇಲೆ ನಕ್ಷೆಯಲ್ಲಿದ್ದ ಸೇತುವೆಯ ಜಾಗದಲ್ಲಿ ಬಿದ್ದ ಮರವೊಂದು ಪಾಚಿ ಹಿಡಿದು ಅಡ್ಡ ಮಲಗಿತ್ತು. ಆಚೆ ದಡದಿಂದ ಈರುಳ್ಳಿ ಹುರಿಯುವ ವಾಸನೆ ಬಂತು. ಹಿಂದೆಯೇ ಚರ್ಚಿನ ಗಂಟೆ ಎರಡು ಹೊಡೆಯಿತು.

"ಯಾವನೋ ಮನೇಲಿ ಕೂತು ಉಪಗ್ರಹದ ಫೋಟೋ ನೋಡಿ, ಮರಾನೇ ಸೇತುವೆ ಅಂತ ಬರ್ದಿದಾನೆ!" ಎಂದು ಯೋರ್ಗ್ ಕಿರುಚಿದರು. ಜಾಗಕ್ಕೆ ಹೋಗದೆ ಬರೆಯುವುದೆಂದರೆ ಆ ಬಳಗದಲ್ಲಿ ಮಹಾಪಾಪ.

ಡೀಟ್ಮಾರ್‌ಗೆ ಹೋದ ಜೀವ ಬಂದಂತಾಯಿತು. "ನೋಡಿದ್ರಾ? ನನ್ನ ಆ್ಯಪು ಈ ಕಡೆ ಬೇಡ ಅಂತು! ಸೇತುವೆ ಬರೆದವನನ್ನ ಬಳಗದಿಂದ ಒದ್ದು ಹೊರಗೆ ಹಾಕ್ಬೇಕು. ಯಾರ್‍ಯಾರು ಒಪ್ತೀರಿ?"

ಎಲ್ಲರೂ ಕೈ ಎತ್ತಿದರು. ಎಲ್ಲಕ್ಕಿಂತ ಮೇಲಿದ್ದದ್ದು ಡೀಟ್ಮಾರ್‌ನ ಕೈ.

"ಬರೆದವನು ಯಾರು ಅಂತ ಗೊತ್ತಾಗ್ಬೇಕಲ್ಲ?" ಎಂದರು ಯೋರ್ಗ್.

"ಅದು ಎಲ್ಲೋ ಮೆನುವಿನ ಒಳಮೆನುವಿನಲ್ಲಿರುತ್ತೆ. ಇವತ್ತು ಸಿಗಲ್ಲ," ಎಂದ ಡೀಟ್ಮಾರ್.

"ನನ್ನದ್ರಲ್ಲಿ ಮೇಲೇ ಇದೆ." ಹೈಕೆ ಸೇತುವೆಯ ಗೆರೆಯನ್ನು ಒಮ್ಮೆ ಒತ್ತಿದಳು. ಪರದೆಯ ಮೇಲೆ ಬಂದ ಹೆಸರನ್ನು ಓದಿ, ತಲೆ ಎತ್ತಿ ನೋಡಿದಳು.

"ಡೀಟ್ಮಾರ್, ಇನ್ನು ಕೈ ಇಳಿಸು ಮಾರಾಯ."