ಆಫ್ ಮಾಡಬಾರದ ಗಾಡಿ

ಡೀಸೆಲ್ ಹಾಕಿದರೆ ಗಾಡಿ ಓಡುತ್ತದೆ ಎಂಬ ನಂಬಿಕೆಯಲ್ಲಿ ಅರ್ಧ ಆಯುಷ್ಯ ಕಳೆದವನು ನಾನು. ಈಗಿನ ಗಾಡಿಗಳು ಹಾಗಲ್ಲ. ಅವಕ್ಕೆ ಊಟ ಹಾಕಿದರೆ ಸಾಲದು, ಬಾಯಿ ಮುಕ್ಕಳಿಸಲು ಬೇರೆ ನೀರು ಕೊಡಬೇಕು. ಆ ನೀರಿಗೆ ಷೋರೂಮಿನವರು ಡೆಫ್ ಎನ್ನುತ್ತಾರೆ, ಲಾರಿಯವರು ಯೂರಿಯಾ ನೀರು ಎನ್ನುತ್ತಾರೆ. ಶುದ್ಧವಾದ ಯೂರಿಯಾವನ್ನು ಶುದ್ಧವಾದ ನೀರಿನಲ್ಲಿ ಕರಗಿಸಿದ್ದಂತೆ. ಹೊಗೆಯಲ್ಲಿರುವ ವಿಷವನ್ನು ಅದು ತೊಳೆಯುತ್ತದಂತೆ. ಊರಿನ ಗಾಳಿ ಚೆನ್ನಾಗಿರಲಿ ಎಂಬ ಆಸೆ ನನಗೂ ಇದೆ. ಆದರೆ ಕ್ಯಾನಿನ ಬೆಲೆ ಕೇಳಿದಾಗಲೆಲ್ಲ ಆ ಆಸೆ ಸ್ವಲ್ಪ ಸಡಿಲವಾಗುತ್ತದೆ.

ಹೀಗೆ ಸಡಿಲವಾದ ಒಂದು ಸಂಜೆ, ಹಿರೇಹಳ್ಳಿಯ ಕಾರ್ಖಾನೆಯಲ್ಲಿ ಕೆಲಸ ಮುಗಿಸಿ ತುಮಕೂರಿಗೆ ಬರುವಾಗ, ರಸ್ತೆ ಬದಿಯ ಅಂಗಡಿಯಲ್ಲಿ ಲೇಬಲ್ಲಿಲ್ಲದ ಕ್ಯಾನೊಂದು ಅರ್ಧ ಬೆಲೆಗೆ ಸಿಕ್ಕಿತು. "ಎಲ್ಲಾ ಒಂದೇ ಸಾರ್, ಬ್ರ್ಯಾಂಡ್ ಹೆಸ್ರಿಗೆ ದುಡ್ಡು ಅಷ್ಟೇ" ಎಂದ ಅಂಗಡಿಯವನು. ಇಂಥ ಮಾತನ್ನು ನಂಬಲು ನನಗೆ ಯಾರ ಒತ್ತಾಯವೂ ಬೇಕಾಗುವುದಿಲ್ಲ. ಕೊಂಡೆ, ಹುಯ್ದೆ. ನಾಲ್ಕು ದಿನಕ್ಕೆ ಡ್ಯಾಷ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿತು. ಅದರ ಕೆಳಗೆ, ಇಷ್ಟು ಕಿಲೋಮೀಟರ್ ಆದಮೇಲೆ ಎಂಜಿನ್ ಮತ್ತೆ ಸ್ಟಾರ್ಟ್ ಆಗುವುದಿಲ್ಲ ಎಂಬ ಬರಹ. ವರ್ಕ್‌ಷಾಪಿಗೆ ಫೋನು ಮಾಡಿದರೆ, ಟ್ಯಾಂಕ್ ಪೂರ್ತಿ ಖಾಲಿ ಮಾಡಿ ತೊಳೆಯಬೇಕು, ಆಮೇಲೆ ಒಳ್ಳೆಯದು ಹಾಕಬೇಕು ಅಂದರು. ತೊಳೆಯುವ ಖರ್ಚು ಕೇಳಿ, "ನಾಳೆ ತರ್ತೀನಿ" ಎಂದು ಫೋನಿಟ್ಟೆ. ನನ್ನ ಹೆಂಡತಿ ಉಮಾ ದಿನವೂ, "ಯಾವ ನಾಳೆ ಅಂತ ಹೇಳಿದ್ರಿ ಅವ್ರಿಗೆ?" ಎಂದು ಕೇಳುತ್ತಿದ್ದಳು. ಅಂಕಿ ದಿನವೂ ಇಳಿಯುತ್ತಿತ್ತು.

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಹುಲಿಯೂರುದುರ್ಗದಿಂದ ಸೋದರಮಾವನ ಮಗ ಸಿದ್ದೇಶನ ಫೋನು ಬಂತು. "ಭಾವ, ಅಪ್ಪನ್ನ ಆಸ್ಪತ್ರೆಯಿಂದ ಮನೆಗೆ ಕರ್ಕೊಂಡ್ ಬಂದ್ಬುಟ್ವಿ. ಕಿಡ್ನಿ ಪೂರ್ತಿ ಹೋಗೈತಂತೆ. ನೋಡೋರು ನೋಡ್ಕೊಳ್ಳಿ ಅಂದವ್ರೆ." ನಮ್ಮಪ್ಪ ಹೋದಮೇಲೆ ನನ್ನನ್ನೂ ಅಕ್ಕನನ್ನೂ ಓದಿಸಿದವನು ಮಾವ. ಕೊಬ್ಬರಿ ಲಾರಿ ಓಡಿಸಿಕೊಂಡು, ಎರಡು ಸಂಸಾರ ಸಾಕಿದ. ಅಕ್ಕನ ಮದುವೆಯನ್ನೂ ಅವನೇ ನಿಂತು ಮಾಡಿದ. ಅಕ್ಕ ಇರುವುದು ಗುಬ್ಬಿಯಲ್ಲಿ. ಮಂಡಿನೋವಿನವಳು, ಮೂರು ಬಸ್ಸು ಹತ್ತಿ ಇಳಿಯುವ ಸ್ಥಿತಿಯಲ್ಲಿರಲಿಲ್ಲ. ವರ್ಕ್‌ಷಾಪಿಗೆ ರಜ. ಗಾಡಿಯ ಲೆಕ್ಕದಲ್ಲಿ ಹೋಗಲು ಸಾಲುವಷ್ಟು ಇತ್ತು, ಬರಲು ಇರಲಿಲ್ಲ. ಆದರೆ ಅಂಕಿ ಸೊನ್ನೆಯಾದರೂ ಓಡುತ್ತಿರುವ ಎಂಜಿನ್ ನಿಲ್ಲುವುದಿಲ್ಲ, ಆಫ್ ಮಾಡಿದರೆ ಮಾತ್ರ ಮತ್ತೆ ಹತ್ತುವುದಿಲ್ಲ ಎಂದು ಯಾರೋ ಹೇಳಿದ್ದರು. ಆಫ್ ಮಾಡದಿದ್ದರಾಯಿತಲ್ಲ ಎಂದು ಹೊರಟೆ. ನೆಗಡಿಯೆಂದು ಮಲಗಿದ್ದ ಉಮಾ, "ನೆಟ್ಟಗೆ ಹೋಗಿ ಬನ್ನಿ" ಎಂದಷ್ಟೇ ಹೇಳಿದಳು.

ಗುಬ್ಬಿಯಲ್ಲಿ ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಲೇ ಹತ್ತಿದಳು. ಸ್ವಲ್ಪ ದೂರ ಬಂದಮೇಲೆ ಹಳದಿ ದೀಪ ಅವಳ ಕಣ್ಣಿಗೆ ಬಿತ್ತು. ವಿಷಯ ತಿಳಿಸಿದೆ.

"ಅಯ್ಯೋ, ಮೊದ್ಲೇ ಹೇಳ್ಬಾರ್ದಾ? ತೋಟದ್ ಮನೇಲಿ ಎರಡು ಮೂಟೆ ಯೂರಿಯಾ ಬಿದ್ದೈತೆ ಕಣೋ. ಒಂದು ಬಕೆಟ್ ನೀರಿಗೆ ಕಲ್ಸಿ ಹುಯ್ಯೋಣ, ತಿರುಗ್ಸು ಗಾಡಿ."

"ಇದು ಆ ಯೂರಿಯಾ ಅಲ್ಲ ಕಣಕ್ಕ."

"ಯೂರಿಯಾದಲ್ಲೂ ಜಾತಿ ಮಾಡವ್ರೇನೋ?" ಎಂದಳು ಅಕ್ಕ. ಆ ದುಃಖದಲ್ಲೂ ಅವಳಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು.

ಕುಣಿಗಲ್ಲಿಗೆ ಬರುವ ಹೊತ್ತಿಗೆ, ಗುಬ್ಬಿಯ ಸುತ್ತಿನಿಂದ ಲೆಕ್ಕ ತಪ್ಪಿ, ಅಂಕಿ ಸೊನ್ನೆಯಾಯಿತು, ಹಳದಿ ದೀಪ ಕೆಂಪಾಯಿತು. ಡೀಸೆಲ್ಲೂ ತಳ ಕಾಣುತ್ತಿತ್ತು. ಬಂಕಿಗೆ ಹೋದೆ. ಪೈಪು ಹಿಡಿದು ನಿಂತಿದ್ದ ಹೆಣ್ಣುಮಗಳು, "ಆಫ್ ಮಾಡಿ ಸಾರ್" ಅಂದಳು. ಆಫ್ ಮಾಡುವ ಹಾಗಿಲ್ಲ ಎಂದೆ. ಆಫ್ ಮಾಡದೆ ಹಾಕುವ ಹಾಗಿಲ್ಲ ಎಂದಳು. ಇಬ್ಬರ ಮಾತೂ ಸರಿಯಾಗಿದ್ದುದರಿಂದ ಡೀಸೆಲ್ ಇಲ್ಲದೆ ಮತ್ತೆ ರಸ್ತೆಗೆ ಇಳಿದೆ. ಮುಂದಿನ ದಾರಿಯಲ್ಲಿ ನಾನು ದೇವರನ್ನು ನೆನೆದದ್ದು ಮಾವನಿಗಾಗಿಯೋ ಎಂಜಿನ್ನಿಗಾಗಿಯೋ ಎಂದು ಬಿಡಿಸಿ ಹೇಳಲಾರೆ.

ಮಾವನ ಮನೆಯ ಬೀದಿ ಕಿರಿದು. ಎದುರಿನಿಂದ ಇನ್ನೊಂದು ಗಾಡಿ ಬಂದರೆ ಇಬ್ಬರಲ್ಲೊಬ್ಬರು ಹಿಂದಕ್ಕೆ ಹೋಗಬೇಕು. ಮನೆ ಮುಂದೆ ನಿಲ್ಲಿಸಿ ಅಕ್ಕನನ್ನು ಇಳಿಸಿದೆ. ಅವಳು ಒಳಗೆ ಹೋದ ತಕ್ಷಣ ಹೆಂಗಸರ ಅಳು ಜೋರಾಯಿತು. ನಾನು ಸ್ಟಿಯರಿಂಗ್ ಹಿಡಿದು ಕೂತೇ ಇದ್ದೆ. ಹಿಂದೆ ಯಾರಾದರೂ ಹಾರನ್ ಹೊಡೆದರೆ ಗಾಡಿ ತೆಗೆಯಲು ಒಬ್ಬರು ಬೇಕಲ್ಲ! ಜಗಲಿಯ ಮೇಲಿದ್ದ ಹಿರಿಯರು ಗಾಡಿಯನ್ನೂ ನನ್ನನ್ನೂ ನೋಡುತ್ತಿದ್ದರು. ಸಾಯುವವನ ಮನೆ ಮುಂದೆ ಎಂಜಿನ್ ಗುರುಗುಟ್ಟಿಸುತ್ತ ಕೂತವನು ಅವರಿಗೆ ಹೇಗೆ ಕಂಡಿರಬೇಡ? ಅಕ್ಕ ಹೊರಗೆ ಬಂದರೆ ಅವಳನ್ನು ಸೀಟಿನಲ್ಲಿ ಕೂರಿಸಿ ನಾನೊಂದು ಗಳಿಗೆ ಒಳಗೆ ಹೋಗಿ ಬರುವುದು ಎಂದು ಯೋಚಿಸಿಕೊಂಡೆ. ಅಕ್ಕ ಬರಲಿಲ್ಲ. ಸಿದ್ದೇಶ ಬಂದ. ಅತ್ತು ಅತ್ತು ಅವನ ಮುಖ ಊದಿಕೊಂಡಿತ್ತು.

"ಇಲ್ಲೇ ಯಾಕ್ ಕೂತಿದೀರ ಭಾವ? ಅಪ್ಪ ಕೇಳ್ತಾವ್ರೆ, ಬನ್ನಿ" ಎಂದವನೇ, ನಾನು ಬಾಯಿ ತೆರೆಯುವಷ್ಟರಲ್ಲಿ ಕಿಟಕಿಯಿಂದ ಕೈ ಹಾಕಿ ಕೀ ತಿರುಗಿಸಿಬಿಟ್ಟ. ಬಂದ ನೆಂಟನ ಕೈಯಿಂದ ಚೀಲ ಇಸಕೊಂಡಷ್ಟೇ ಸಹಜವಾಗಿ ಕೀಲಿಯನ್ನು ಜೇಬಿಗೆ ಹಾಕಿಕೊಂಡ.

ಬೀದಿಯಲ್ಲಿ ಒಮ್ಮೆಲೇ ನಿಶ್ಶಬ್ದವಾಯಿತು. ತಂದೆ ಸಾಯುತ್ತಿರುವವನ ಮೇಲೆ ಯೂರಿಯಾ ನೀರಿನ ವಿಚಾರಕ್ಕೆ ರೇಗುವುದಾದರೂ ಹೇಗೆ? ಅವನ ಹಿಂದೆ ನಡೆದೆ.

ಮಾವ ಗೋಡೆಗೆ ಮುಖ ಮಾಡಿ ಮಲಗಿದ್ದ. ಲಾರಿಯ ಸ್ಟಿಯರಿಂಗ್ ತಿರುಗಿಸಿ ತಿರುಗಿಸಿ ಕಬ್ಬಿಣದಂತಿದ್ದ ತೋಳು ಕೋಲಾಗಿತ್ತು. ಕಾಲು ಮಾತ್ರ ಊದಿಕೊಂಡಿದ್ದವು. ನಾನು ಕಾಲ ಹತ್ತಿರ ಕೂತೆ. ಅವನು ಇತ್ತ ತಿರುಗಿ ಕಣ್ಣು ಬಿಟ್ಟು ನೋಡಿದ.

"ಶಿವೂನೇನ್ಲಾ?"

"ಹೂಂ ಮಾವ."

"ಗಾಡಿ ಸದ್ದು ಕೇಳ್ತಿತ್ತು. ಯಾಕ್ಲಾ ಆಫ್ ಮಾಡ್ದೆ ಕೂತಿದ್ದೆ? ಓಡೋಗೋಕಾ?"

ಹಾಸಿಗೆ ಹಿಡಿದರೂ ಕಿವಿ ಎಂಜಿನ್ನಿನ ಕಡೆಗೇ ಇತ್ತು. ಸುಳ್ಳು ಹೇಳಲಾಗಲಿಲ್ಲ. "ಇಲ್ಲ ಮಾವ. ಯೂರಿಯಾ ಸರಿಯಿಲ್ಲ ಅಂತ ಗಾಡಿ ಹಟ ಹಿಡಿದೈತೆ. ಆಫ್ ಮಾಡಿದ್ರೆ ಸ್ಟಾರ್ಟ್ ಆಗಲ್ಲ" ಎಂದೆ.

ಮಾವನ ತುಟಿ ಅಲುಗಿತು. ನೋವೇನೋ ಎಂದುಕೊಂಡೆವು. ನಗುತ್ತಿದ್ದ. "ನನ್ ರಕ್ತದಲ್ಲಿ ಯೂರಿಯಾ ಜಾಸ್ತಿ ಆಗೈತೆ ಅಂತ ಡಾಕ್ಟ್ರು ಕೈಬಿಟ್ರು. ನಿನ್ ಗಾಡಿಗ್ ಸಾಲ್ದಾ? ತಗೊಂಡೋಗ್ಲಾ ಒಂದ್ ಕ್ಯಾನು."

ಸಿದ್ದೇಶ ಗೋಡೆ ಕಡೆ ತಿರುಗಿಕೊಂಡ. ಅಕ್ಕ ನಗಲು ಹೋಗಿ ಅತ್ತಳು. ನಾನು ಊದಿದ ಆ ಕಾಲನ್ನು ಎರಡೂ ಕೈಯಿಂದ ಹಿಡಿದುಕೊಂಡೆ, ಬಿಡಲಾಗಲಿಲ್ಲ. ಮಾವ ಆಮೇಲೂ ಅಲ್ಲೊಂದು ಇಲ್ಲೊಂದು ಮಾತಾಡಿದ. ಕರಿಹೊಗೆ ಬಿಟ್ಟುಕೊಂಡು ಘಾಟಿ ಹತ್ತುತ್ತಿದ್ದ ತನ್ನ ಲಾರಿಯನ್ನು ನೆನೆದ. ನಡುನಡುವೆ ನಿದ್ದೆ ಹೋದ. ಮಧ್ಯಾಹ್ನ ಅಕ್ಕ ಚಮಚದಲ್ಲಿ ನೀರು ಕೊಡುತ್ತಿದ್ದಾಗ ಎರಡು ಸಲ ನುಂಗಿದ, ಮೂರನೆಯದು ಕೆನ್ನೆಯ ಮೇಲೆ ಹರಿಯಿತು.

ಮಾರನೆಯ ದಿನ ಶವಯಾತ್ರೆಗೆ ಬಿದಿರಿನ ವಿಮಾನ ಕಟ್ಟಿದರು. ಮಾವನನ್ನು ಕೂರಿಸಿ ವಿಭೂತಿ ಹಚ್ಚಿ ಹೂ ಏರಿಸಿ ಬೀದಿಗೆ ತಂದರೆ ಮುಂದೆ ದಾರಿಯಿಲ್ಲ. ನನ್ನ ಗಾಡಿ ಬಂಡೆಯಂತೆ ನಿಂತಿತ್ತು. ಒಂದು ಪಕ್ಕ ಚರಂಡಿ, ಇನ್ನೊಂದು ಪಕ್ಕ ಜಗಲಿ. ಕೊನೆಗೆ ವಿಮಾನವನ್ನು ಜಗಲಿಯ ಮೇಲಿಳಿಸಿ, ಹೆಗಲು ಕೊಡಲು ಬಂದವರೆಲ್ಲ ಹಿಂದಿನಿಂದ ಗಾಡಿಗೆ ಕೈಹಚ್ಚಿ ತಳ್ಳಿದರು. ನಾನು ಸಿದ್ದೇಶನಿಂದ ಕೀಲಿ ಇಸಕೊಂಡು ಒಳಗೆ ಕೂತು ಸ್ಟಿಯರಿಂಗ್ ಹಿಡಿದೆ. ಅಳುವವರು ಅಳು ನಿಲ್ಲಿಸಿ, "ಬಲಕ್ ತಗೊಳ್ಳಿ, ಇನ್ನೂ ಬಲಕ್ಕೆ" ಎಂದು ಕೂಗಿದರು. ಬೀದಿ ಏರು. ಹಾಲಿನ ಡೈರಿಯ ಮುಂದೆ ತಂದು ನಿಲ್ಲಿಸುವಷ್ಟರಲ್ಲಿ ಎಲ್ಲರಿಗೂ ಏದುಸಿರು. ಒಬ್ಬರು ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು, "ಸತ್ತೋರಿಗಿಂತ ಇದೇ ಭಾರ ಕಣಪ್ಪ" ಎಂದರು. ಮಾವನಿಗೆ ನಾನೂ ಹೆಗಲು ಕೊಟ್ಟೆ. ಅವರ ಮಾತು ನಿಜವಾಗಿತ್ತು. ಮಾವ ಏನೂ ಭಾರವಿರಲಿಲ್ಲ.

ಮಣ್ಣು ಮುಗಿದ ಮೇಲೆ ಗಾಡಿಯನ್ನು ಇನ್ನೊಂದು ಗಾಡಿಯ ಮೇಲೇರಿಸಿ ತುಮಕೂರಿಗೆ ಕಳಿಸಿದೆ. ಉಳಿಸಿದ ದುಡ್ಡಿನ ಮಾತನ್ನು ಉಮಾ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹನ್ನೊಂದನೆಯ ದಿನದ ಆರಾಧನೆಗೆ ಬಸ್ಸಿನಲ್ಲೇ ಹೋದೆ. ಊಟದ ಪಂಕ್ತಿಯಲ್ಲಿ ಸಿದ್ದೇಶ ಪಾಯಸದ ಬಕೆಟ್ ಹಿಡಿದು ನನ್ನ ಮುಂದೆ ನಿಂತ. ಪಕ್ಕದಲ್ಲಿದ್ದ ಹಿರಿಯರಿಗೆಲ್ಲ ಕೇಳುವ ಹಾಗೆ, "ಬಂದೋರೆಲ್ಲ ಐದ್ ನಿಮಿಷ ಮುಖ ನೋಡಿ ಎದ್ದೋದ್ರು. ನಮ್ ಭಾವ ಒಬ್ರೇ ಕೊನೆಗಂಟ ಅಪ್ಪನ ಕಾಲ್ ಬಿಡ್ದೆ ಕೂತಿದ್ದು. ಹೋಗ್ಬೇಕು ಅನ್ನೋ ಮಾತೇ ಎತ್ಲಿಲ್ಲ" ಎಂದ. ಹಿರಿಯರು ತಲೆದೂಗಿದರು. ಒಬ್ಬರು ನನ್ನ ಭುಜ ತಟ್ಟಿ, "ಈ ಕಾಲದಲ್ಲಿ ಯಾರ್ ಕೂರ್ತಾರಪ್ಪ ಹಂಗೆ?" ಎಂದರು. ಎದುರು ಸಾಲಿನಲ್ಲಿದ್ದ ಅಕ್ಕ ತುತ್ತು ನಿಲ್ಲಿಸಿ ನನ್ನನ್ನೇ ನೋಡಿದಳು. ಏನಾದರೂ ಹೇಳಬೇಕಾಗಿತ್ತು. ನಾನು ತಲೆ ತಗ್ಗಿಸಿ ಇನ್ನೊಂದು ಸೌಟು ಪಾಯಸ ಹಾಕಿಸಿಕೊಂಡೆ.